ಗಚ್ಚಿ ತೊಳೆಯುವ ಕಂತ್ರಾಟು

ಹೋಟೆಲಿನ ಚಾಕರಿಯನ್ನು ಬಿಟ್ಟು ಸ್ವತಂತ್ರವಾಗಿ ಏನಾದರೊಂದು ಉದ್ಯೋಗವನ್ನು ಕೈಕೊಳ್ಳಬೇಕೆಂದು ಬಯಸುವ ತರುಣ ಬಂಧುಗಳು ನಮ್ಮ ಕಚೇರಿಗೆ ಬಂದು ಸಲಹೆ ಕೇಳುವುದುಂಟು. ಹೆಚ್ಚಿನವರ ಮನಸ್ಸಿನಲ್ಲಿರುವುದು ಒಂದು ಚಿಕ್ಕ ಉಪಾಹಾರಗೃಹ. ಜಾಗದ ಠೇವಣಿ, ಪರವಾನಗಿ, ಪಾತ್ರೆಪಡಗ ಎಂದು ಲೆಕ್ಕ ಹಾಕತೊಡಗಿದರೆ ನಾವು ಕೂಡಿಸಿ ಮುಗಿಸುವುದರೊಳಗಾಗಿ ಅವರ ಮುಖ ಬಾಡಿರುತ್ತದೆ. ಅಂಥವರಿಗಾಗಿ, ಬಂಡವಾಳಕ್ಕಿಂತ ಬೆವರನ್ನೂ ಬೆವರಿಗಿಂತ ಎಚ್ಚರವನ್ನೂ ಹೆಚ್ಚಾಗಿ ಬೇಡುವ ಒಂದು ಉದ್ಯೋಗದ ವಿಚಾರವನ್ನು ಇಂದು ಬರೆಯುತ್ತಿದ್ದೇವೆ. ಅದೇ ಕಟ್ಟಡಗಳ ಗಚ್ಚಿಯನ್ನೂ ಮಾಡನ್ನೂ ಶುಚಿಗೊಳಿಸುವ ಕಂತ್ರಾಟು. ಕಾರಕೂನ ಬಂಧುಗಳು ಇದು ತಮಗಲ್ಲವೆಂದು ಪುಟ ತಿರುವಬಾರದು. ಡೊಂಬಿವಿಲಿ, ಠಾಣೆ, ಮುಲುಂಡಗಳ ಎಷ್ಟೋ ಹೌಸಿಂಗ್ ಸೊಸೈಟಿಗಳ ಗೌರವ ಕಾರ್ಯದರ್ಶಿಗಳು ಅವರೇ ಆಗಿದ್ದಾರೆ. ಕೆಲಸ ಮಾಡುವವನು ಒಬ್ಬ ಕನ್ನಡಿಗನಾದರೆ, ಕೆಲಸ ಕೊಡುವವನೂ ಇನ್ನೊಬ್ಬ ಕನ್ನಡಿಗನಾಗುವ ಸಂಭವ ಈ ನಗರದಲ್ಲಿ ಸಾಕಷ್ಟಿದೆ.

ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನವೆಂದು ಹವಾಮಾನ ಇಲಾಖೆಯು ಜೂನ್ 11ನ್ನು ಗೊತ್ತುಮಾಡಿದೆ. ಅದಕ್ಕೆ ಮುಂಚಿನ ಮೂರು ತಿಂಗಳೇ ಈ ಉದ್ಯೋಗದ ಸುಗ್ಗಿ. ಎಂಟು ತಿಂಗಳು ಒಂದು ಹನಿ ಮಳೆಯನ್ನೂ ಕಾಣದೆ ಬೆಂದ ಗಚ್ಚಿಯ ಮೇಲೆ ಧೂಳು, ಪಾರಿವಾಳದ ಹಿಕ್ಕೆ, ಒಡೆದ ಕುಂಡ, ಯಾರೋ ಬಿಸುಟ ಮಂಚದ ಕಾಲು, ದೂರದರ್ಶನದ ತುಕ್ಕುಹಿಡಿದ ತಟ್ಟೆ, ಇವೆಲ್ಲ ಸೇರಿ ನೀರು ಹೋಗುವ ಬಾಯಿಗಳನ್ನು ಮುಚ್ಚಿರುತ್ತವೆ. ಇದರಿಂದಾಗುವ ಕೇಡನ್ನು ಅಂಕಿಗಳಲ್ಲಿಯೇ ನೋಡಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 2,000 ಚದರ ಅಡಿಯ ಗಚ್ಚಿಯೆಂದರೆ ಸುಮಾರು 186 ಚದರ ಮೀಟರ್. ಬಾಯಿ ಕಟ್ಟಿಕೊಂಡು ಅದರ ಮೇಲೆ ಹತ್ತು ಸೆಂಟಿಮೀಟರ್ ನೀರು ನಿಂತರೂ ಹದಿನೆಂಟೂವರೆ ಟನ್ನುಗಳ ಭಾರ ಮೇಲಂತಸ್ತಿನ ಸಂಸಾರದ ತಲೆಯ ಮೇಲೆ ಕುಳಿತಂತಾಯಿತು. 2005ರ ಜುಲೈ 26ರ ಆ ಭೀಕರ ಮಳೆಯಲ್ಲಿ ಸಾಂತಾಕ್ರೂಜಿನ ಮಾಪಕವು 24 ಗಂಟೆಗಳಲ್ಲಿ 944 ಮಿಲಿಮೀಟರ್ ತೋರಿಸಿತ್ತು. ಆ ಲೆಕ್ಕದಲ್ಲಿ ಇದೇ ಗಚ್ಚಿಯ ಮೇಲೆ ಸುರಿದದ್ದು 1 ಲಕ್ಷ 75 ಸಾವಿರ ಲೀಟರಿಗೂ ಹೆಚ್ಚು. ಅಷ್ಟೂ ಹರಿದುಹೋಗಬೇಕಾದದ್ದು ಅಂಗೈಯಗಲದ ನಾಲ್ಕಾರು ತೂತುಗಳಿಂದ!

ಗಚ್ಚಿ ತೊಳೆಯುವುದೆಂದರೆ ಕಸಬರಿಕೆ ಹಿಡಿದು ಗುಡಿಸುವುದೆಂದು ತಿಳಿದವರು ಈ ಕೆಲಸಕ್ಕೆ ಇಳಿಯದಿರುವುದೇ ಲೇಸು. ಇಲ್ಲಿಯ ಗಚ್ಚಿಗಳು ಬಹುಮಟ್ಟಿಗೆ ಇಟ್ಟಿಗೆ ಚೂರುಗಳನ್ನು ಗಾರೆಯಲ್ಲಿ ಕೂರಿಸಿ ಇಳಿಜಾರು ಕೊಟ್ಟ ‘ಕೋಬಾ’ ಎಂಬ ಪದರದವು. ಮೇಲೆ ಒಡೆದ ಬಿಳಿ ಹೆಂಚಿನ ಚೂರುಗಳ ಹಾಸಿಗೆ ಇರುವುದೂ ಉಂಟು. ಆ ಚೂರುಗಳ ಸಂದುಗಳೇ ಅದರ ಮರ್ಮಸ್ಥಾನ. ನಾವು ಪತ್ರಿಕೆಯ ಮೇಜಿಗೆ ಬರುವ ಮುನ್ನ ಹೋಟೆಲಿನ ಗಲ್ಲೆಯ ಮುಂದೆ ಕುಳಿತಿದ್ದ ಕಾಲದಲ್ಲಿ, ನಮ್ಮ ಕಟ್ಟಡದ ಗಚ್ಚಿಯನ್ನು ತೊಳೆಯಲು ಬಂದ ಕಂತ್ರಾಟುದಾರನೊಬ್ಬನು (ಹೆಸರು ಬೇಡ) ಆಸಿಡ್ ಸುರಿದು ಒಂದೇ ದಿನದಲ್ಲಿ ಗಚ್ಚಿಯನ್ನು ಕನ್ನಡಿಯಂತೆ ಹೊಳೆಯಿಸಿದನು. ಎಲ್ಲರೂ ತಲೆದೂಗಿದರು. ಆಸಿಡ್ ಹಾವಸೆಯನ್ನು ಮಾತ್ರ ತಿನ್ನುವುದಿಲ್ಲ, ಸಂದಿನಲ್ಲಿರುವ ಸುಣ್ಣ ಸಿಮೆಂಟುಗಳನ್ನೂ ತಿನ್ನುತ್ತದೆ. ಆ ವರ್ಷ ಜುಲೈ ತಿಂಗಳಲ್ಲಿ ನಮ್ಮ ಉಗ್ರಾಣದ ಅಕ್ಕಿಮೂಟೆಗಳ ಮೇಲೆ ತೊಟ್ಟಿಕ್ಕಿದ ನೀರಿಗೆ ಆ ಹೊಳಪೇ ಕಾರಣವಾಗಿತ್ತು. ಅತಿಯಾದ ಒತ್ತಡದ ನೀರಿನ ಯಂತ್ರವೂ ಹಾಗೆಯೇ. ಗಟ್ಟಿ ಕಾಂಕ್ರೀಟಿಗೆ ಅದು ಸರಿ, ಹಳೆಯ ಗಾರೆಗೆ ಮಾತ್ರ ಅದು ಉಳಿಯ ಏಟು.

ಬಲ್ಲವನ ಕ್ರಮವೇ ಬೇರೆ. ಮೊದಲು ಒಣಕಸವನ್ನು ಚೀಲಗಳಲ್ಲಿ ತುಂಬಿ ಕೆಳಗಿಳಿಸುತ್ತಾನೆ, ಕೊಳವೆಯೊಳಗೆ ತಳ್ಳುವುದಿಲ್ಲ. ಪಾರಿವಾಳದ ಹಿಕ್ಕೆಯನ್ನು ನೀರು ಚಿಮುಕಿಸಿ ನೆನೆಯಿಸಿದ ಮೇಲೆಯೇ, ಮೂಗು ಬಾಯಿಗಳನ್ನು ಸರಿಯಾದ ಮುಸುಕಿನಿಂದ ಮುಚ್ಚಿಕೊಂಡು ಕೆರೆಯುತ್ತಾನೆ. ಆ ಹಿಕ್ಕೆಯ ಒಣಧೂಳಿನಿಂದ ಶ್ವಾಸಕೋಶದ ರೋಗ ಬರುತ್ತದೆಂಬ ಮಾತು 2025ರಲ್ಲಿ ದಾದರಿನ ಕಬೂತರಖಾನೆಯ ವಿವಾದದ ಕಾಲದಲ್ಲಿ ಮನೆಮನೆಯ ಚರ್ಚೆಯಾಗಿದ್ದುದು ವಾಚಕರಿಗೆ ನೆನಪಿರಬಹುದು. ಬಳಿಕ ಹಾವಸೆಯನ್ನು ಕೆರೆಮಣೆಯಿಂದ ಎಬ್ಬಿಸಿ, ಬ್ಲೀಚಿಂಗ್ ಪುಡಿಯ ತಿಳಿನೀರಿನಿಂದ ತೊಳೆದು, ಗಟ್ಟಿ ಬ್ರಶ್ಶಿನಿಂದ ಉಜ್ಜುತ್ತಾನೆ. ಬ್ಲೀಚಿಂಗ್ ಪುಡಿಗೆ ಆಸಿಡ್ ತಗಲಿದರೆ ಏಳುವ ಕ್ಲೋರಿನ್ ಅನಿಲವು ಮನುಷ್ಯನ ಉಸಿರನ್ನೇ ಹಿಡಿಯಬಲ್ಲದು. ಎರಡೂ ಡಬ್ಬಿಗಳನ್ನು ಒಂದೇ ಕೈಚೀಲದಲ್ಲಿ ತರುವವನನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸಬೇಕು. ಬಿರುಕುಗಳಲ್ಲಿ ಅರಳಿ, ಆಲ, ಅತ್ತಿಗಳ ಸಸಿಗಳು ಹಕ್ಕಿಗಳ ಕೃಪೆಯಿಂದ ಮೊಳೆತಿರುತ್ತವೆ. ಅವನ್ನು ಕತ್ತರಿಸಿದರೆ ಕೆಲಸ ಮುಗಿಯಲಿಲ್ಲ. ಬೇರು ಉಳಿದರೆ ಮರುವರ್ಷ ಅದೇ ಬೇರು ಬಿರುಕನ್ನು ಬೆರಳಗಲ ಮಾಡುತ್ತದೆ. ಕೊನೆಗೆ ಬಕೆಟುಗಟ್ಟಲೆ ನೀರನ್ನು ಹೊಯ್ದು, ಅದು ಎಲ್ಲಿ ನಿಲ್ಲುತ್ತದೆ, ಯಾವ ಕೊಳವೆಯಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಕಾರ್ಯದರ್ಶಿಯ ಎದುರಿನಲ್ಲಿಯೇ ತೋರಿಸುತ್ತಾನೆ.

ಹಂಚಿನ ಮಾಡಿನ ವಿಷಯದಲ್ಲಿ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳವರಿಗೆ ಪಾಠ ಹೇಳುವುದು ಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಕಡಲಮಾರ್ಗವಾಗಿ ಎಲ್ಲೆಲ್ಲಿಗೋ ಹೋಯಿತು. ಮುಂಬಯಿಯ ಹಳೆಯ ಚಾಳುಗಳ ಮೇಲೆ ಇಂದಿಗೂ ಅದು ಕಾಣಸಿಗುತ್ತದೆ. ಪಕ್ಕಾಸು ಯಾವುದು, ರೀಪು ಯಾವುದು, ಕಾಲನ್ನು ಎಲ್ಲಿಡಬೇಕು ಎಂಬುದನ್ನು ಬಾಲ್ಯದಲ್ಲಿಯೇ ಅರಿತ ಹುಡುಗರು ನಮ್ಮಲ್ಲಿ ಇದ್ದಾರೆ. ಆ ಜಾಣ್ಮೆಗೆ ಇಲ್ಲಿ ಬೆಲೆಯಿದೆ. ಆದರೆ ಸಿಮೆಂಟು ಕಲ್ನಾರು ತಗಡಿನ ಮಾಡು ಬೇರೆಯೇ ಜಾತಿಯದು. ನೋಡಲು ಗಟ್ಟಿ, ಕಾಲಿಟ್ಟರೆ ಗಾಜು. ಹಳೆಯ ತಗಡಿನ ಮೇಲೆ ನೇರವಾಗಿ ನಡೆಯಲೇಬಾರದು, ಅಡ್ಡತೊಲೆಗಳ ಮೇಲೆ ಭಾರ ಬೀಳುವಂತೆ ಅಗಲವಾದ ಹಲಗೆಗಳನ್ನು ಹಾಸಿಕೊಳ್ಳಬೇಕು. ಅದನ್ನು ಒಣಗಿರುವಾಗ ಉಜ್ಜುವುದೂ ಸಲ್ಲದು, ಅದರ ನಾರಿನ ಧೂಳು ಎದೆಗೂಡಿಗೆ ಸೇರಿದರೆ ಮರಳಿ ಬರುವುದಿಲ್ಲ.

ಗಚ್ಚಿಯೊಡನೆ ನೀರಿನ ಟಾಕಿಯ ಕೆಲಸವೂ ಸೇರಿಕೊಂಡು ಬರುತ್ತದೆ. ಮುಂಬಯಿಯ ಮಲೇರಿಯಾದ ಮೂಲವನ್ನು ಶೋಧಿಸಿದ ಬೆಂಟ್ಲಿಯವರು 1911ರಷ್ಟು ಹಿಂದೆಯೇ ಬಾವಿ ತೊಟ್ಟಿಗಳ ಕಡೆಗೆ ಬೆರಳು ತೋರಿಸಿದ್ದರು. ಮುಚ್ಚಳವಿಲ್ಲದ ಟಾಕಿ ಈಗಲೂ ಸೊಳ್ಳೆಯ ತವರುಮನೆ. ಗಚ್ಚಿಯಲ್ಲಿ ಬಿಟ್ಟ ಹಳೆಯ ಟಾಯರು, ತಾಡಪತ್ರಿಯ ಮಡಿಕೆಗಳಲ್ಲಿ ನಿಂತ ನೀರು ಡೆಂಗಿಯ ಸೊಳ್ಳೆಗೆ ಸಾಕು. ಆದರೆ ಟಾಕಿಯ ವಿಷಯದಲ್ಲಿ ಹಣದ ಮಾತಿಗಿಂತ ಮೊದಲು ಪ್ರಾಣದ ಮಾತನ್ನು ಆಡಬೇಕಾಗಿದೆ. 2025ರ ಮಾರ್ಚಿಯಲ್ಲಿ ನಾಗಪಾಡೆಯ ಕಟ್ಟಡವೊಂದರ ಟಾಕಿಯನ್ನು ತೊಳೆಯಲು ಇಳಿದ ಕೂಲಿಗಳು ಉಸಿರುಗಟ್ಟಿ ಸತ್ತ ವಾರ್ತೆ ಬಂದಿತ್ತು. ಬಹುಕಾಲ ಮುಚ್ಚಿದ ಟಾಕಿಯೊಳಗೆ ತುಕ್ಕು ಹಿಡಿಯುವ ಕಬ್ಬಿಣವೂ ಕೊಳೆಯುವ ವಸ್ತುಗಳೂ ಗಾಳಿಯ ಪ್ರಾಣವಾಯುವನ್ನು ತಿಂದುಹಾಕುತ್ತವೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮುನ್ಸೂಚನೆಯೂ ಇಲ್ಲ. ಇಳಿದವನು ಒಮ್ಮೆಗೇ ಕುಸಿಯುತ್ತಾನೆ, ಅವನನ್ನು ಎತ್ತಲೆಂದು ಜಿಗಿದ ಗೆಳೆಯನೂ ಅಲ್ಲಿಯೇ ಬೀಳುತ್ತಾನೆ. ಒಂದೇ ಟಾಕಿಯಲ್ಲಿ ಒಬ್ಬನ ಹಿಂದೊಬ್ಬರು ಸಾಯುವುದು ಹೀಗೆ. ಆದುದರಿಂದ ಮುಚ್ಚಳಗಳನ್ನೆಲ್ಲ ತೆರೆದು, ಊದುವ ಪಂಖೆಯಿಂದ ಹೊಸ ಗಾಳಿ ಹಾಯಿಸಿ, ಸಾಧ್ಯವಾದಲ್ಲಿ ಅನಿಲಮಾಪಕದಿಂದ ಪರೀಕ್ಷಿಸಿದ ಮೇಲೆಯೇ ಒಬ್ಬನು ಇಳಿಯಬೇಕು. ಅವನ ಸೊಂಟದ ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವರ ಕೈಯಲ್ಲಿರಬೇಕು. ಹೊರಗಿರುವವರು ಯಾವ ಕಾರಣಕ್ಕೂ ಒಳಗೆ ಜಿಗಿಯಕೂಡದು, ಹಗ್ಗವನ್ನೇ ಎಳೆಯಬೇಕು. ಪೆಟ್ರೋಲಿನ ಪಂಪನ್ನು ಟಾಕಿಯೊಳಗೆ ಇಳಿಸುವುದಂತೂ ಕೊಲೆಗೆ ಸಮಾನ.

ಹಗ್ಗದ ಮಾತು ಬಂದುದರಿಂದ ದರದ ಮಾತೂ ಬರಬೇಕು, ಏಕೆಂದರೆ ಇವೆರಡಕ್ಕೂ ಸಂಬಂಧವಿದೆ. ಲೆಕ್ಕಕ್ಕಾಗಿ ಮಾತ್ರ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅದೇ 2,000 ಚದರ ಅಡಿಯ ಗಚ್ಚಿಗೆ ನಾಲ್ಕು ಆಳು ಎರಡು ದಿನ ದುಡಿದರೆ ಎಂಟು ಆಳುದಿನ. ಆಳಿಗೆ 1,000 ರೂಪಾಯಿ ಎಂದು ಹಿಡಿದರೆ 8,000. ಕಸ ಸಾಗಿಸಲು 1,500, ಬ್ರಶ್ಶು, ಚೀಲ, ಪುಡಿಗಳಿಗೆ 1,000. ಹಗ್ಗ, ಸುರಕ್ಷಾಪಟ್ಟಿ, ಏಣಿಗಳ ಸವಕಳಿಗೆ 500, ಆಳುಗಳ ವಿಮೆಯ ಪಾಲು 500, ಓಡಾಟಕ್ಕೆ 1,000. ಒಟ್ಟು 12,500. ಮೇಲೆ ಐದನೆಯ ಒಂದು ಪಾಲು ಲಾಭವಿಟ್ಟರೆ 15,000. ಈಗ ಇನ್ನೊಬ್ಬನು ಬಂದು 9,000ಕ್ಕೆ ಮಾಡಿಕೊಡುತ್ತೇನೆಂದರೆ ಸೊಸೈಟಿಯ ಸಮಿತಿಯು ಹರ್ಷದಿಂದ ಒಪ್ಪಿಕೊಳ್ಳುತ್ತದೆ. ಕಸಬರಿಕೆಯ ಬೆಲೆ ಅವನಿಗೆ ಮಾತ್ರ ಇಳಿದಿಲ್ಲ, ಕಸದ ಗಾಡಿಯವನು ಅವನ ಸೋದರಮಾವನೂ ಅಲ್ಲ. ಅವನು ಬಿಟ್ಟದ್ದು ಆಳಿನ ಕೂಲಿಯನ್ನೋ, ವಿಮೆಯನ್ನೋ, ಹಗ್ಗವನ್ನೋ. ಸುರಕ್ಷಾಪಟ್ಟಿಯನ್ನು ಟಿ.ವಿ.ಯ ಕಂಬಕ್ಕೋ ನೀರಿನ ಕೊಳವೆಗೋ ಕಟ್ಟಿ ಮೋಟುಗೋಡೆಯ ಅಂಚಿನಲ್ಲಿ ಬಗ್ಗಿ ಕೆಲಸ ಮಾಡುವ ಹುಡುಗರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಾರ್ಯದರ್ಶಿಗಳಾದ ಬಂಧುಗಳು ದರಪತ್ರಿಕೆಯನ್ನು ಕೈಗೆತ್ತಿಕೊಂಡಾಗ ಕೆಳಗಿನ ಮೊತ್ತವನ್ನು ನೋಡುವ ಮುನ್ನ ವಿಮೆಯ ಕಾಗದವನ್ನೂ ಹಗ್ಗವನ್ನೂ ತೋರಿಸೆಂದು ಕೇಳಲಿ. ಕೇಳುವ ಹಕ್ಕು ಅವರದು, ಗಚ್ಚಿಯ ದುರಸ್ತಿಯ ಹೊಣೆ ಸೊಸೈಟಿಯದಾಗಿರುವಂತೆಯೇ.

ಮಳೆಗಾಲ ಬಂದ ಮೇಲೆ ಆಳುಗಳನ್ನು ಏನು ಮಾಡುವುದೆಂಬುದು ಈ ಉದ್ಯೋಗದ ನಿಜವಾದ ತಲೆನೋವು. ಜೂನಿನಲ್ಲಿ ಬಿಟ್ಟುಕೊಟ್ಟ ನುರಿತ ಆಳು ಮಾರ್ಚಿಯಲ್ಲಿ ಸಿಕ್ಕುವುದಿಲ್ಲ. ಕುಂದಾಪುರದ ಕಡೆಯ, ಹಿಂದೆ ಫೋರ್ಟಿನ ಹೋಟೆಲೊಂದರಲ್ಲಿ ಮಾಣಿಯಾಗಿದ್ದ ಕಂತ್ರಾಟುದಾರರೊಬ್ಬರು ಇದಕ್ಕೆ ಕಂಡುಕೊಂಡ ಉಪಾಯ ನಮಗೆ ಮೆಚ್ಚಿಗೆಯಾಯಿತು. ವರ್ಷಕ್ಕೆ ಎರಡು ಸಲ ಟಾಕಿ ತೊಳೆಯುವ ವಾರ್ಷಿಕ ಒಪ್ಪಂದಗಳನ್ನು ಅವರು ಮಾಡಿಕೊಂಡಿದ್ದಾರೆ. ಸರಕಾರದ ಸೂರ್ಯಘರ್ ಯೋಜನೆಯು 2024ರ ಫೆಬ್ರವರಿಯಲ್ಲಿ ಬಂದ ಮೇಲೆ ಮಾಡುಗಳನ್ನೇರುತ್ತಿರುವ ಸೌರಫಲಕಗಳನ್ನು ತೊಳೆಯುವ ಕೆಲಸವನ್ನೂ ಹಿಡಿದಿದ್ದಾರೆ. ಫಲಕಗಳನ್ನು ಸೂರ್ಯ ಏರುವ ಮುನ್ನ, ಬರಿಯ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. “ಹೋಟೆಲಿನಲ್ಲಿ ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದೆವಲ್ಲ ಸ್ವಾಮಿ, ಈಗ ಅದೇ ಅಭ್ಯಾಸ ಅನ್ನ ಕೊಡುತ್ತಿದೆ” ಎಂದರು ಅವರು.

ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿ.ಎಸ್.ಟಿ. ನೋಂದಣಿಯ ಗೊಡವೆಯಿಲ್ಲ. ಆದರೆ ರಸೀತಿಯ ಪುಸ್ತಕವನ್ನೂ ಹಾಜರಿಯ ಪುಸ್ತಕವನ್ನೂ ಮೊದಲ ದಿನದಿಂದಲೇ ಇಡತಕ್ಕದ್ದು. ಹಣ ಕೊಡುವಲ್ಲಿ ಸೊಸೈಟಿಗಳು ತೋರುವ ನಿಧಾನವು ಪ್ರಸಿದ್ಧವಾದುದು. ಖಜಾಂಚಿ ಊರಿನಲ್ಲಿಲ್ಲ, ಸಹಿ ಒಂದೇ ಆಗಿದೆ, ಮುಂದಿನ ಸಭೆಯಲ್ಲಿ ನೋಡೋಣ! ಅದಕ್ಕೆ ಮೇಲೆ ಹೇಳಿದ ಗೃಹಸ್ಥರು ಬರಹದಲ್ಲಿಯೇ ಹೀಗೆ ಗೊತ್ತುಮಾಡುತ್ತಾರೆ: ಕೆಲಸ ಮೊದಲಾಗುವ ದಿನ ಅರ್ಧ, ಮುಗಿದ ದಿನ ನೂರಕ್ಕೆ ನಲವತ್ತು, ಉಳಿದ ಹತ್ತು ಮೊದಲನೆಯ ಜೋರು ಮಳೆಯಾದ ಮೇಲೆ. ಆ ಮಳೆ ಬಂದ ರಾತ್ರಿ ಅವರು ಕೈದೀಪ ಹಿಡಿದು, ತಾವು ತೊಳೆದ ಗಚ್ಚಿಗಳಲ್ಲಿ ಆದಷ್ಟನ್ನು ಹತ್ತಿ, ಕೊಳವೆಗಳ ಬಾಯಿಯ ಜಾಲರಿಗೆ ಎಲೆ ಕಾಗದ ಸಿಕ್ಕಿದ್ದರೆ ಕೈಯಿಂದ ತೆಗೆದು ಬರುತ್ತಾರೆ. ಮರುದಿನ ಬೆಳಿಗ್ಗೆ ಬಾಕಿಯ ಬಿಲ್ಲನ್ನು ಕಳುಹಿಸುತ್ತಾರೆ.