ಅಜ್ಜಿಯ ‘ಗ್ಯಾಸು’ ಎಂದರೆ ಯಾವುದು?

ಅಮ್ಮ ಶಿವಮೊಗ್ಗದಿಂದ ನ್ಯೂಜೆರ್ಸಿಗೆ ಬಂದು ಮೂರು ವಾರವಾಗಿತ್ತು. ಒಂದು ಬೆಳಗ್ಗೆ ಎಂಟು ವರ್ಷದ ಮಗಳು ಸೀರಿಯಲ್ ತಿನ್ನುತ್ತಾ, “ಅಜ್ಜಿ ರಾತ್ರಿ ಕೂತ್ಕೊಂಡೇ ನಿದ್ದೆ ಮಾಡ್ತಾರೆ, ಗೊತ್ತಾ?” ಎಂದಳು. ನಮಗೆ ಗೊತ್ತಿರಲಿಲ್ಲ. ಅಜ್ಜಿಯ ಕೋಣೆಯಲ್ಲಿ ಮಲಗುವವಳು ಅವಳೇ. ಅಮ್ಮನನ್ನು ಕೇಳಿದರೆ, “ಏನಿಲ್ಲ ಬಿಡೇ, ಸ್ವಲ್ಪ ಗ್ಯಾಸು.”

ಈ ಗ್ಯಾಸು ನಮ್ಮ ಹಿರಿಯರ ಸರ್ವನಾಮ. ಹೊಟ್ಟೆಯುಬ್ಬರವೂ ಅದೇ, ಹುಳಿತೇಗೂ ಅದೇ, ಎದೆಯುರಿಯೂ ಅದೇ. ಕ್ಲಿನಿಕ್ಕಿನಲ್ಲಿ ನಾನು ಫಾರಂ ತುಂಬುತ್ತಿದ್ದಾಗ ಮಗಳು ಉತ್ಸಾಹದಿಂದ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ನರ್ಸ್ ಹೊಟ್ಟೆಯುಬ್ಬರ ಎಂದು ಬರೆದುಕೊಂಡರು. ಎದೆಯ ಸುದ್ದಿಯೇ ಬರಲಿಲ್ಲ. ಅಮ್ಮನಿಗೆ 71 ವರ್ಷ. ಶುಗರ್, ಬಿಪಿ, ಥೈರಾಯ್ಡ್, ಜೊತೆಗೆ ಸವೆದ ಮೂಳೆ. ಮಧುಮೇಹ ಇರುವವರಲ್ಲಿ ಹೃದಯಾಘಾತ ಜೋರು ನೋವಿಲ್ಲದೆ ಬರೀ ಉರಿ, ಬೆವರು, ಸುಸ್ತಿನ ರೂಪದಲ್ಲೂ ಬರಬಹುದು. ಉರಿಯುವುದು ಎದೆ ಎಂದು ನಾನು ತಿದ್ದಿದ ಕೂಡಲೇ ವೈದ್ಯರು ಇಸಿಜಿ ಮಾಡಿಸಿದರು. ಅದು ಸರಿಯಿತ್ತು. ಆ್ಯಸಿಡ್ ರಿಫ್ಲಕ್ಸ್‌ನ ಮಾತು ಬಂದದ್ದು ಆಮೇಲೆ.

ಅನ್ನನಾಳ ಜಠರವನ್ನು ಸೇರುವಲ್ಲಿ ಉಂಗುರದಂಥ ಸ್ನಾಯು ಇದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾದರೆ ಆಮ್ಲ ಮೇಲಕ್ಕೆ ಬರುತ್ತದೆ. ಪ್ರಯೋಗಾಲಯದಲ್ಲಿ ದಿನ ಕಳೆಯುವ ನನಗೆ ಯಾವುದಕ್ಕೂ ಒಂದೇ ಕಾರಣ ಸಿಕ್ಕಲಿ ಎಂಬ ಆಸೆ. ಅಮ್ಮನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ ಆ ಆಸೆ ಬಿಟ್ಟೆ.

ಬಿಪಿಯ ಆಮ್ಲೋಡಿಪಿನ್ ರಕ್ತನಾಳಗಳನ್ನಷ್ಟೇ ಅಲ್ಲ, ಆ ಉಂಗುರವನ್ನೂ ಸಡಿಲಿಸಬಲ್ಲದು. ಮೂಳೆಗೆಂದು ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಅನ್ನನಾಳವನ್ನೇ ಸುಡಬಲ್ಲದು. ಒಂದು ಲೋಟ ಬರಿಯ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗದೆ ಇರಬೇಕು. ಅಮ್ಮ ನಸುಕಿನಲ್ಲಿ ಒಂದು ಗುಟುಕು ನೀರಿನಲ್ಲಿ ನುಂಗಿ ಮತ್ತೆ ಹೊದ್ದು ಮಲಗುತ್ತಿದ್ದರು! ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮುಂಚೆ ಹೋಗಬೇಕಾದದ್ದು, ಉರಿ ಬಂದ ಮೇಲೆ ಹೋಗುತ್ತಿತ್ತು. ಅದೂ ನಾಲ್ಕು ವರ್ಷದ ಹಳೆಯ ಚೀಟಿಯ ಮೇಲೆ. ಅದು ಮತ್ತು ಶುಗರಿನ ಮೆಟ್‌ಫಾರ್ಮಿನ್, ಎರಡೂ ವರ್ಷಗಟ್ಟಲೆ ನಡೆದರೆ ಬಿ12 ಇಳಿಯಬಹುದು. ಅಮ್ಮ ಬೇರೆ ಸಸ್ಯಾಹಾರಿ. ಪಾದ ಜುಮ್ಮೆನ್ನುವುದನ್ನು ನಾವು ಶುಗರಿನ ತಲೆಗೆ ಕಟ್ಟಿದ್ದೆವು. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು. ಇನ್ನು ಕೈಚೀಲದಲ್ಲಿದ್ದ ಈನೋ: ಅದರಲ್ಲಿರುವುದು ಸೋಡಿಯಂ, ಬಿಪಿಗೆ ಒಳ್ಳೆಯದಲ್ಲ.

ಯಾವ ಮಾತ್ರೆಯನ್ನೂ ನಾವಾಗಿ ನಿಲ್ಲಿಸಲಿಲ್ಲ. ವೈದ್ಯರೇ ಮೂಳೆಯ ಮಾತ್ರೆ ನಿಲ್ಲಿಸಿ ಬೇರೆ ದಾರಿ ಹೇಳಿದರು. ಖಾಲಿ ಹೊಟ್ಟೆಗೆ ಥೈರಾಯ್ಡ್ ಮೊದಲೋ ಪ್ಯಾಂಟೊಪ್ರಜೋಲ್ ಮೊದಲೋ ಎಂಬ ಜಗಳಕ್ಕೆ ಅವರು ಬರೆದುಕೊಟ್ಟ ವೇಳಾಪಟ್ಟಿ ಈಗ ಫ್ರಿಜ್ ಮೇಲಿದೆ.

ಮನೆಯಲ್ಲಿ ಬದಲಾದದ್ದು ಮುಖ್ಯವಾಗಿ ಊಟದ ಹೊತ್ತು. ನಾವು ಆಫೀಸಿನಿಂದ ಬಂದು ಒಂಬತ್ತೂವರೆಗೆ ಉಣ್ಣುವವರು. ಅಮ್ಮ ಕಾದಿದ್ದು ಉಂಡು, ಹತ್ತಕ್ಕೆ ಮಲಗುತ್ತಿದ್ದರು. ಈಗ ಅಜ್ಜಿ ಮೊಮ್ಮಗಳು ಏಳಕ್ಕೇ ಉಣ್ಣುತ್ತಾರೆ. ದಿಂಬು ಪೇರಿಸಿದರೆ ಹೊಟ್ಟೆ ಮಡಚುತ್ತದೆಯೇ ಹೊರತು ಪ್ರಯೋಜನವಿಲ್ಲ. ಮಂಚದ ತಲೆಯ ಕಡೆ ಕಾಲುಗಳಿಗೆ ಆರಿಂಚಿನ ಮರದ ತುಂಡು ಕೊಟ್ಟೆವು. ಎಡಮಗ್ಗುಲಲ್ಲಿ ಮಲಗುವುದೂ ಸಹಾಯವಾಯಿತು. ಹುಣಸೆಹುಳಿಯ ಸಾರು ಬಿಡಿ ಎಂದಿದ್ದರೆ ಅಮ್ಮ ಮರುದಿನದ ವಿಮಾನ ಹತ್ತುತ್ತಿದ್ದರೇನೋ. ಸಾರು ಮಧ್ಯಾಹ್ನಕ್ಕೆ ಹೋಯಿತು.

ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ಎದೆಯಲ್ಲಿ ಹಿಂಡಿದಂತಾಗಿ ಬೆವರು, ಏದುಸಿರು ಬಂದರೆ ನೇರ 911.

ಹಾಗೆಯೇ, ಮಕ್ಕಳನ್ನು ಆಸ್ಪತ್ರೆಯಲ್ಲಿ ದುಭಾಷಿ ಮಾಡಬೇಡಿ. ಇಲ್ಲಿ ಉಚಿತ ದುಭಾಷಿಯನ್ನು ಕೇಳಬಹುದು. ಆದರೆ ಮನೆಯಲ್ಲಿ ಪದಗಳು ಬೇಕು. ಮಗಳು ಒಂದು ದೇಹದ ಚಿತ್ರ ಬರೆದಳು. ಅಜ್ಜಿ ಹೇಳಿದ ಹಾಗೆ ಬಾಣ ಎಳೆದು ಉರಿ, ಉಬ್ಬರ, ಹುಳಿತೇಗು, ಹಿಂಡುವ ನೋವು ಎಂದು ಕನ್ನಡದಲ್ಲಿ ಗುರುತಿಸಿದಳು. ‘ಉಬ್ಬರ’ದ ಒತ್ತು ಮಾತ್ರ ತಪ್ಪಿತ್ತು.

ಮೊನ್ನೆ ರಾತ್ರಿ ಅಮ್ಮ ಮತ್ತೆ “ಸ್ವಲ್ಪ ಗ್ಯಾಸು” ಎಂದದ್ದು ಕೇಳಿಸಿತು. ಕತ್ತಲಲ್ಲೇ ಮಗಳ ದನಿ: “ಯಾವ್ದು ಅಜ್ಜಿ, ಉರಿನಾ, ಉಬ್ಬರನಾ?”