ಉಕ್ಕಿನ ಚಿಪ್ಪು, ಸುಣ್ಣದ ಚಿಪ್ಪು

ಇಂಗ್ಲೆಂಡಿನ ಪೂರ್ವ ತೀರದಲ್ಲಿರುವ ಆಲ್ಡ್‌ಬರೊ ಎಂಬ ಚಿಕ್ಕ ಊರಿನ ಕಡಲದಂಡೆಯ ಮೇಲೆ ಸುಮಾರು 4 ಮೀಟರು ಎತ್ತರದ ಕಪ್ಪೆಚಿಪ್ಪೊಂದು ನಿಂತಿದೆ. ಇದು ಸಮುದ್ರವು ದಡಕ್ಕೆ ಎಸೆದುದಲ್ಲ. ಮ್ಯಾಗಿ ಹ್ಯಾಂಬ್ಲಿಂಗ್ ಎಂಬ ಕಲಾವಿದೆ ರೂಪಿಸಿದ ಸ್ಟೆಯಿನ್‌ಲೆಸ್ ಸ್ಟೀಲಿನ ಶಿಲ್ಪ. ಆ ಊರಿನಲ್ಲಿ ಬಾಳಿದ ಸಂಗೀತಕಾರ ಬೆಂಜಮಿನ್ ಬ್ರಿಟನ್ನರ ನೆನಪಿಗಾಗಿ 2003ರಲ್ಲಿ ಇದನ್ನು ಸ್ಥಾಪಿಸಲಾಯಿತು. ಊರಿನ ಕೆಲವರಿಗೆ ಇದು ಹಿಡಿಸಲಿಲ್ಲ. ಯಾರೋ ಹಲವು ಬಾರಿ ಬಣ್ಣ ಎರಚಿದ್ದೂ ಉಂಟು. ಕಲೆಯ ವಾದವನ್ನು ಬಲ್ಲವರಿಗೆ ಬಿಟ್ಟು, ಈ ಚಿಪ್ಪು ಕಡಲ ಗಾಳಿಯನ್ನು ಹೇಗೆ ಸಹಿಸುತ್ತದೆಂಬುದನ್ನು ನಾವು ವಿಚಾರಿಸೋಣ.

ಹ್ಯಾಂಬ್ಲಿಂಗ್ ಅನುಕರಿಸಿದುದು ಸ್ಕ್ಯಾಲಪ್ ಎಂಬ ಬೀಸಣಿಗೆಯಾಕಾರದ ಚಿಪ್ಪನ್ನು. ಅದರ ಮೈಮೇಲಿನ ಏಣುಗಳು ಬರಿಯ ಅಲಂಕಾರವಲ್ಲ. ಒಂದು ಕಾಗದದ ತುದಿಯನ್ನು ಹಿಡಿದರೆ ಅದು ಬಾಗುತ್ತದೆ. ಅದನ್ನೇ ನೆರಿಗೆ ನೆರಿಗೆಯಾಗಿ ಮಡಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಕಡಿಮೆ ದ್ರವ್ಯದಿಂದ ಹೆಚ್ಚು ಬಿಗುವನ್ನು ಪಡೆಯುವ ಈ ಉಪಾಯವನ್ನು ಚಿಪ್ಪು ನಮಗಿಂತ ಎಷ್ಟೋ ಮೊದಲೇ ಬಳಸಿತ್ತು.

ಇನ್ನು ತುಕ್ಕಿನ ಮಾತು. ಸ್ಟೆಯಿನ್‌ಲೆಸ್ ಸ್ಟೀಲಿನಲ್ಲಿ ಶೇಕಡಾ 10.5ಕ್ಕೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಇರುತ್ತದೆ. ಅದು ಆಮ್ಲಜನಕದೊಡನೆ ಕೂಡಿ, ಮಿಲಿಮೀಟರಿನ ಕೆಲವೇ ದಶಲಕ್ಷಾಂಶಗಳಷ್ಟು ದಪ್ಪದ ಪೊರೆಯನ್ನು ಕಟ್ಟುತ್ತದೆ. ಗೀರು ಬಿದ್ದರೆ, ಗಾಳಿ ತಾಕಿದ ಕೂಡಲೆ ಪೊರೆ ಮತ್ತೆ ಬೆಳೆಯುತ್ತದೆ. ಉಪ್ಪಿನ ಕ್ಲೋರೈಡು ಅದನ್ನು ಅಲ್ಲಲ್ಲಿ ಭೇದಿಸಬಲ್ಲದಾದರೂ ಸಾಮಾನ್ಯ ಉಕ್ಕಿಗಿಂತ ಇದರ ಬಾಳಿಕೆ ಬಹಳ ಹೆಚ್ಚು.

ಹಾಗಾದರೆ ನಿಜವಾದ ಚಿಪ್ಪಿನ ಗತಿಯೇನು? ಅದು ಕ್ಯಾಲ್ಸಿಯಂ ಕಾರ್ಬೊನೇಟು. ನಮ್ಮ ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದು ಇದರಿಂದಲೇ. ಅದನ್ನು ಕಟ್ಟಲು ಬೇಕಾದ ಸಾಮಗ್ರಿಯನ್ನು ಜೀವಿಯು ಕಡಲ ನೀರಿನಿಂದಲೇ ಪಡೆಯಬೇಕು. ನಾವು ಕಲ್ಲಿದ್ದಲು, ತೈಲಗಳನ್ನು ಉರಿಸಿ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಪಾಲನ್ನು ಸಾಗರಗಳು ಹೀರುತ್ತವೆ. ನೀರಿನಲ್ಲಿ ಅದು ಕಾರ್ಬಾನಿಕ್ ಆಮ್ಲವಾಗುತ್ತದೆ. ಆಮ್ಲದಿಂದ ಬಿಡುಗಡೆಯಾದ ಹೈಡ್ರೊಜನ್ ಅಯಾನುಗಳು ಚಿಪ್ಪಿಗೆ ಬೇಕಾದ ಕಾರ್ಬೊನೇಟನ್ನು ಸೆಳೆದುಕೊಳ್ಳುತ್ತವೆ. ಕೈಗಾರಿಕಾ ಯುಗದಿಂದೀಚೆಗೆ ಸಾಗರದ ಮೇಲ್ನೀರಿನ ಪಿಎಚ್ ಮೌಲ್ಯವು ಸುಮಾರು 0.1ರಷ್ಟು ಇಳಿದಿದೆ. ಇದು ಅಲ್ಪವೆಂದು ತೋರಬಹುದು. ಆದರೆ ಪಿಎಚ್ ಲಾಗರಿತಮ್ ಗಣನೆಯದಾದುದರಿಂದ, ಹೈಡ್ರೊಜನ್ ಅಯಾನುಗಳು ಶೇಕಡಾ 30ಕ್ಕೆ ಸಮೀಪವಾಗಿ ಹೆಚ್ಚಿವೆಯೆಂದು ಇದರ ಅರ್ಥ.

ಪರಿಣಾಮವು ಮೊದಲು ತಟ್ಟುವುದು ಎಳೆಯ ಮರಿಗಳಿಗೆ. 2007ರ ಸುಮಾರಿನಲ್ಲಿ ಅಮೆರಿಕದ ಪಶ್ಚಿಮ ತೀರದ ಸಾಕಣೆ ಕೇಂದ್ರಗಳಲ್ಲಿ ಸಿಂಪಿಯ ಮರಿಗಳು ರಾಶಿರಾಶಿಯಾಗಿ ಸತ್ತವು. ಆಳದಿಂದ ಮೇಲೆದ್ದು ಬಂದ, ಆಮ್ಲೀಯತೆ ಹೆಚ್ಚಿದ ನೀರೇ ಇದಕ್ಕೆ ಕಾರಣವೆಂದು ಬಳಿಕ ಪರೀಕ್ಷೆಗಳಿಂದ ತಿಳಿಯಿತು. ಅಂದಿನಿಂದ ಅಲ್ಲಿಯವರು ನೀರನ್ನು ಅಳೆದು, ಸೋಡಿಯಂ ಕಾರ್ಬೊನೇಟು ಬೆರೆಸಿ ಮರಿಗಳನ್ನು ಉಳಿಸಿಕೊಳ್ಳುತ್ತಿದ್ದಾರೆ. ತೊಟ್ಟಿಯ ನೀರಿಗೆ ಸಾಧ್ಯವಾದ ಈ ಚಿಕಿತ್ಸೆ ಮಹಾಸಾಗರಕ್ಕೆ ಸಾಧ್ಯವೆ?

ಉಕ್ಕಿನ ಚಿಪ್ಪಿನ ಗಾಯವನ್ನು ಗಾಳಿಯೇ ಮಾಯಿಸುತ್ತದೆ. ಸುಣ್ಣದ ಚಿಪ್ಪು ಉಳಿಯಬೇಕಾದರೆ ಆ ಗಾಳಿಗೆ ನಾವು ಸೇರಿಸುವ ಹೊಗೆ ಕಡಿಮೆಯಾಗಬೇಕು. ಶಿಲ್ಪವು ಯಾವ ಜೀವಿಯನ್ನು ಕೊಂಡಾಡುತ್ತದೆಯೋ ಅದು ಶಿಲ್ಪಕ್ಕಿಂತ ಮೊದಲೇ ಅಳಿಯಬಾರದಷ್ಟೆ.