ಎಚ್ಚರಿಕೆ ಯಾರಿಗೆ?

‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕವನ್ನು ಕಂಡಾಗಲೆಲ್ಲ, ಈ ಎಚ್ಚರಿಕೆ ದಾರಿಹೋಕನಿಗೋ ಮನೆಯೊಡೆಯನಿಗೋ ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ.

ಬ್ರಿಟನ್ 1991ರ ಕಾಯಿದೆಯಲ್ಲಿ ಪಿಟ್‌ಬುಲ್ ಮೊದಲಾದ ನಾಲ್ಕು ತಳಿಗಳನ್ನು ನಿಷೇಧಿಸಿತು. ದಾಳಿಗಳು ನಿಲ್ಲಲಿಲ್ಲ, 2023ರಲ್ಲಿ ಎಕ್ಸ್‌ಎಲ್ ಬುಲ್ಲಿಯನ್ನೂ ಪಟ್ಟಿಗೆ ಸೇರಿಸಬೇಕಾಯಿತು. ನಮ್ಮಲ್ಲಿ 23 ತಳಿಗಳ ವಿರುದ್ಧ ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಹೊರಡಿಸಿದ ಸುತ್ತೋಲೆಯನ್ನು, ಸಂಬಂಧಪಟ್ಟವರನ್ನು ವಿಚಾರಿಸದೆ ಹೊರಡಿಸಿದ್ದೆಂದು, ಏಪ್ರಿಲಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು.

ಹಾಗೆಂದು ರಾಟ್‌ವೈಲರ್ ಕುರಿಮರಿಯಾಗದು. ಯಾವ ನಾಯಿಯೂ ಕಚ್ಚಬಲ್ಲದು; ಬಲಿಷ್ಠ ದವಡೆಯದಾದರೆ ಮಗುವಿನ ಪ್ರಾಣಕ್ಕೇ ಸಂಚಕಾರ. ಆದುದರಿಂದ ಮರಿಯಾಗಿದ್ದಾಗಲೇ ಅದಕ್ಕೆ ಜನರ ಒಡನಾಟ ಬೇಕು, ನಿತ್ಯ ನಡಿಗೆ ಬೇಕು. ಬೀದಿಯಲ್ಲಿ, ಎತ್ತಿಗೆ ಹಾಕುವಂತೆ, ಬಾಯಿಕುಕ್ಕೆ ಬೇಕು. ಮಗುವಿನ ಬಳಿ ಅದನ್ನು ಒಂಟಿಯಾಗಿ ಬಿಡಲಾಗದು. ಹಗಲಿಡೀ ಸರಪಳಿಯಲ್ಲಿ ಬಿಗಿದರೆ ಬೆಳೆಯುವುದು ಸಿಟ್ಟೇ.

ಆ ಫಲಕವನ್ನು ಮನೆಯೊಳಗಿನವರು ಓದುವಂತೆ ತಿರುಗಿಸಿ ಹಾಕುವುದೇ ಲೇಸು.